ಮನೆ ಕಂಪ್ಯೂಟರ್ ಆಗಾಗ ಹ್ಯಾಂಗ್ ಆಗುತ್ತಿದೆ, ಫಾರ್ಮ್ಯಾಟ್ ಮಾಡಿಸಿದರೂ ಸರಿಹೋಗಿಲ್ಲ

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಿರ್ಸಿ ಹತ್ತಿರದ ಹಳ್ಳಿ. ಮನೆಯಲ್ಲೇ ನುಡಿಯಲ್ಲಿ ಟೈಪಿಂಗ್ ಮಾಡಿಕೊಡುತ್ತೇನೆ, ಲಗ್ನಪತ್ರಿಕೆ, ಅರ್ಜಿ, ಸಂಘದ ವರದಿ ಇಂಥವು. ಕಂಪ್ಯೂಟರ್ ಹಳೇದು: ಇಂಟೆಲ್ ಐ3 4ನೇ ಜನರೇಶನ್, 4 ಜಿಬಿಯ ಎರಡು ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಈ ಮಳೆಗಾಲದಿಂದ ಕೆಲಸದ ಮಧ್ಯೆ ಇದ್ದಕ್ಕಿದ್ದಂತೆ ಹ್ಯಾಂಗ್ ಆಗುತ್ತಿದೆ. ಕೆಲವು ಸಲ ತಾನಾಗೇ ಸರಿಹೋಗುತ್ತದೆ, ಕೆಲವು ಸಲ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಲೇಬೇಕು. ಪೇಟೆಯ ಅಂಗಡಿಯಲ್ಲಿ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಕೊಟ್ಟರು. ಸ್ವಲ್ಪ ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಈಗ ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಅನ್ನುತ್ತಿದ್ದಾರೆ. ನಿಜವಾಗಿ ಬೋರ್ಡೇ ಹೋಗಿದೆಯಾ ಅಂತ ಮನೆಯಲ್ಲೇ ತಿಳಿದುಕೊಳ್ಳೋದು ಹೇಗೆ? ಡಿ ಡ್ರೈವ್‌ನಲ್ಲಿ ಅಷ್ಟೂ ವರ್ಷಗಳ ಫೈಲುಗಳಿವೆ, ಅದೇ ಭಯ.

ಸ್ಕ್ರೂಡ್ರೈವರ್:
ಮೇಡಂ, ಬೋರ್ಡ್ ಅಂತ ಈಗಲೇ ತೀರ್ಮಾನ ಮಾಡಬೇಡಿ. ಹ್ಯಾಂಗ್ ಆದಾಗ ಏನೇನು ನಿಂತುಹೋಗುತ್ತದೆ, ಏನು ಓಡುತ್ತಿರುತ್ತದೆ ಅನ್ನೋದನ್ನು ಮೊದಲು ನೋಡಬೇಕು. ಮುಂದಿನ ಸಲ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ, ಮೌಸ್ ಬಾಣ ಓಡಾಡುತ್ತಿದ್ದರೆ, ಆದರೆ ಯಾವ ಕಿಟಕಿ ಒತ್ತಿದರೂ ಉತ್ತರ ಇಲ್ಲ ಅಂದರೆ ನನ್ನ ಅನುಮಾನ ಹಾರ್ಡ್ ಡಿಸ್ಕ್ ಮೇಲೆ. ದೀಪವೂ ಬದಲಾಗದೆ, ಬಾಣವೂ ಕದಲದೆ, ಹಾಡು ಓಡುತ್ತಿದ್ದರೆ ಒಂದೇ ಸದ್ದು ಟರ್ರ್ ಅಂತ ಸಿಕ್ಕಿಕೊಂಡರೆ ರ‍್ಯಾಮ್, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ), ಬೋರ್ಡ್ ಅಥವಾ ಗ್ರಾಫಿಕ್ಸ್ ಡ್ರೈವರ್ ಕಡೆ ನೋಡಬೇಕು. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮಾತ್ರ ಮರುಶುರುವಾಗುತ್ತದೆ. ಪರದೆ ಒಮ್ಮೆ ಮಿನುಗಿ ಎಲ್ಲ ಸರಿಹೋದರೆ ತೊಂದರೆ ಅಲ್ಲೇ ಇದೆ.

ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡೇ ಕೆಲಸ ಮಾಡಿ. ಹ್ಯಾಂಗ್ ಆಗುವಾಗ ಡಿಸ್ಕ್ 100% ಇದ್ದು, ಓದುವ ಬರೆಯುವ ವೇಗ ಮಾತ್ರ ಸೊನ್ನೆಯ ಹತ್ತಿರ ಇದ್ದರೆ ತಿಳಿಸಿ. ಹಾಗೆಯೇ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಡಿಸ್ಕ್‌ನ ಆರೋಗ್ಯ ತೋರಿಸುವ ಉಚಿತ ತಂತ್ರಾಂಶ ಇದೆ, ಹಾಕಿ ಏನು ತೋರಿಸುತ್ತದೆ ಬರೆಯಿರಿ. ಅಲ್ಲಿಯವರೆಗೆ ಯಾರು ಹೇಳಿದರೂ ಚೆಕ್‌ಡಿಸ್ಕ್ (ಡಿಸ್ಕ್ ಪರೀಕ್ಷಿಸಿ ಸರಿಪಡಿಸಲು ನೋಡುವ ವಿಂಡೋಸ್‌ನದೇ ಸಾಧನ) ಓಡಿಸಬೇಡಿ.

ತುಂಗಭದ್ರ:
ನಾನು ರಾಯಚೂರಿನವನು, ನಮ್ಮ ಕಡೆ ಇಂಥದ್ದಕ್ಕೆ ಮೊದಲ ಕಾರಣ ಧೂಳು. ಸಿಪಿಯು ಡಬ್ಬಿ ತೆಗೆದು ಫ್ಯಾನಿನ ಕೆಳಗೆ ಶಾಖ ಹೊರಹಾಕುವ ಹೀಟ್‌ಸಿಂಕ್ ನೋಡಿ, ಹತ್ತಿಯ ಹಾಗೆ ಧೂಳು ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಒತ್ತಿಹಿಡಿಯಿರಿ. ಇಷ್ಟು ಹಳೇದಾದ್ದರಿಂದ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಹೊಸದು ಹಚ್ಚಿ. ರ‍್ಯಾಮ್ ತೆಗೆದು ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ, ಗಟ್ಟಿಯಾಗಿ ಕೂರಿಸಿ. ಆಮೇಲೆ ಒಂದೊಂದೇ ರ‍್ಯಾಮ್ ಹಾಕಿ ಓಡಿಸಿ ನೋಡಿ. ಒಂದರಲ್ಲಿ ಮಾತ್ರ ಹ್ಯಾಂಗ್ ಆದರೆ ಕಳ್ಳ ಸಿಕ್ಕಿದ ಹಾಗೆ. ಅನುಮಾನ ಉಳಿದರೆ ಮೆಮ್‌ಟೆಸ್ಟ್86 ಅನ್ನೋ ಪರೀಕ್ಷಾ ತಂತ್ರಾಂಶ ಪೆನ್ ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಬಿಡಿ, ಒಂದು ತಪ್ಪು ತೋರಿಸಿದರೂ ಸಾಕು, ರ‍್ಯಾಮ್ ನಂಬುವ ಹಾಗಿಲ್ಲ.

ಸ್ಕ್ರೂಡ್ರೈವರ್:
@ತುಂಗಭದ್ರ ರ‍್ಯಾಮ್ ಮಾತು ಒಪ್ಪುತ್ತೇನೆ. ಶಾಖದ ಬಗ್ಗೆ ಒಂದು ಮಾತು: ಇಂಟೆಲ್ ಪ್ರೊಸೆಸರ್ ಜಾಸ್ತಿ ಬಿಸಿಯಾದರೆ, ಅಂದರೆ 100 ಡಿಗ್ರಿ ಆಸುಪಾಸಿಗೆ ಬಂದರೆ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗಲೂ ತಣಿಯದಿದ್ದರೆ ಪೂರ್ತಿ ಆಫ್ ಆಗುತ್ತದೆ. ಒಂದೆರಡು ನಿಮಿಷ ನಿಂತು ತಾನಾಗೇ ಸರಿಹೋಗೋದು ಶಾಖದ ಲಕ್ಷಣ ಅಲ್ಲ. ಧೂಳು ತೆಗೆಯೋದು ಒಳ್ಳೇದೇ, ಆದರೆ ಡಿಸ್ಕ್ ಪರೀಕ್ಷೆ ಮೊದಲು ಆಗಲಿ.

ಹೊಳೆದಂಡೆ:
ಇಬ್ಬರಿಗೂ ಧನ್ಯವಾದ. ನೀವು ಹೇಳಿದ ಹಾಗೇ ನೋಡಿದೆ. ಬಾಣ ಓಡಾಡುತ್ತದೆ, ಕ್ಯಾಪ್ಸ್ ಲಾಕ್ ದೀಪವೂ ಹತ್ತುತ್ತದೆ. ಡಿಸ್ಕ್ 100% ಇತ್ತು, ವೇಗ ಸೊನ್ನೆ. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂದಿದೆ. ಸಿ5 ಸಾಲಿನ ಕೊನೆಗೆ ತುಂಬಾ ಸೊನ್ನೆಗಳಾದ ಮೇಲೆ ಎ8 ಅಂತಿದೆ, ಸಿ6 ಸಾಲಿನಲ್ಲೂ ಏನೋ ಇದೆ. ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ ಹೆಸರಲ್ಲಿ 7 ಸಂಖ್ಯೆಯ ಕೆಂಪು ಸಾಲುಗಳು ಬೇಕಾದಷ್ಟಿವೆ. ಎ8 ಅಂದರೆ ಎಷ್ಟು?

ಸ್ಕ್ರೂಡ್ರೈವರ್:
ಹಾಗಾದರೆ ಹಾರ್ಡ್ ಡಿಸ್ಕೇ. ಬೋರ್ಡ್ ಬದಲಿಸಿದ್ದರೂ ತೊಂದರೆ ಹಾಗೇ ಇರುತ್ತಿತ್ತು. ಆ ತಂತ್ರಾಂಶ ಸಂಖ್ಯೆಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಎ8 ಅಂದರೆ 168. ಸಿ5 ಸಾಲು ಹೇಳೋದು ಡಿಸ್ಕ್‌ಗೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ, ಅಂದರೆ ಡಿಸ್ಕ್‌ನ ಸಣ್ಣ ಸಣ್ಣ ಭಾಗಗಳ ಲೆಕ್ಕ, ಚೆನ್ನಾಗಿರುವ ಡಿಸ್ಕ್‌ನಲ್ಲಿ ಅದು ಸೊನ್ನೆ ಇರಬೇಕು. ಈವೆಂಟ್ 7 ಅಂದರೂ ಕೆಟ್ಟ ಬ್ಲಾಕ್ ಸಿಕ್ಕಿದೆ ಅಂತಲೇ. ಅಂಥ ಜಾಗ ಸಿಕ್ಕಾಗ ಡಿಸ್ಕ್ ಸುಮ್ನೆ ಬಿಟ್ಟುಕೊಡೋದಿಲ್ಲ, ಮತ್ತೆ ಮತ್ತೆ ಓದಲು ನೋಡುತ್ತದೆ. ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತಾ ಕೂರುತ್ತದೆ, ನಿಮಗೆ ಕಾಣುವ ಹ್ಯಾಂಗ್ ಅದೇ. ಓದು ಗೆದ್ದರೆ ತಾನಾಗೇ ಸರಿಹೋಗುತ್ತದೆ. ಪೇಜ್ ಫೈಲ್ (ವಿಂಡೋಸ್ ಮೆಮೊರಿಯ ಹಾಗೆ ಬಳಸುವ ಡಿಸ್ಕ್ ಮೇಲಿನ ಫೈಲ್) ಇರುವ ಜಾಗವೇ ಕೆಟ್ಟಿದ್ದರೆ ಇಡೀ ಕಂಪ್ಯೂಟರ್ ನಿಲ್ಲುತ್ತದೆ. ಅಂಗಡಿಯವರು ಮಾಡಿದ್ದು ಬಹುಶಃ ಕ್ವಿಕ್ ಫಾರ್ಮ್ಯಾಟ್. ಅದು ಫೈಲುಗಳ ಪಟ್ಟಿ ಅಳಿಸುತ್ತದೆ ಅಷ್ಟೇ, ಡಿಸ್ಕ್‌ನ ಮೈ ಪರೀಕ್ಷೆ ಮಾಡೋದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯ: ಈ ಕ್ಷಣದಿಂದ ಆ ಡಿಸ್ಕ್ ಮೇಲೆ ಟೈಪಿಂಗ್ ಬೇಡ. ಚೆಕ್‌ಡಿಸ್ಕ್ ಬೇಡ ಅಂದದ್ದು ಇದಕ್ಕೇ. ಅದು ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆ ಓದಿಸಿ ಸುಸ್ತು ಮಾಡುತ್ತದೆ, ಫೈಲ್‌ಗಳನ್ನು ತುಂಡು ಮಾಡಿ ಇಡುವುದೂ ಉಂಟು. ಬೇರೆಯವರ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಓಡಿಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಪೆನ್ ಡ್ರೈವ್ ಮಾಡಿಸಿ, ಅದರಿಂದಲೇ ನಿಮ್ಮ ಕಂಪ್ಯೂಟರ್ ಬೂಟ್ ಮಾಡಿ, ಡಿ ಡ್ರೈವ್ ತೆರೆದು ಬೇರೆ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ತೀರಾ ಬೇಕಾದ ಫೋಲ್ಡರ್ ಮೊದಲು, ಸಿನಿಮಾ ಹಾಡು ಕೊನೆಗೆ. ಒಂದು ಫೋಲ್ಡರಿನಲ್ಲಿ ಸಿಕ್ಕಿಕೊಂಡರೆ ಬಿಟ್ಟು ಮುಂದಿನದಕ್ಕೆ ಹೋಗಿ. ಜಾಸ್ತಿ ಸಿಕ್ಕಿಕೊಂಡರೆ ಡಿಡಿರೆಸ್ಕ್ಯೂ ಅನ್ನೋ ಲಿನಕ್ಸ್ ತಂತ್ರಾಂಶ ಇದೆ, ಚೆನ್ನಾಗಿರುವ ಜಾಗ ಮೊದಲು ಓದಿ ಕೆಟ್ಟಿದ್ದನ್ನು ಆಮೇಲೆ ನೋಡುತ್ತದೆ. ಟಕ್ ಟಕ್ ಸದ್ದು ಬಂದರೆ ಮಾತ್ರ ತಕ್ಷಣ ಆಫ್ ಮಾಡಿ, ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ.

ಕರೆಂಟ್ ಮಾಸ್ತರು:
ಮಲೆನಾಡಿನ ಮಳೆಗಾಲ ಅಂದಿರಿ. ಯುಪಿಎಸ್ ಇದೆಯಾ? ಬ್ಯಾಟರಿ ಸತ್ತ ಯುಪಿಎಸ್ ಇದ್ದೂ ಇಲ್ಲದ ಹಾಗೆ. ಡಿಸ್ಕ್ ಬರೆಯುತ್ತಿರುವಾಗ ಕರೆಂಟ್ ಹೋಗಿ ಬಂದು ಆದರೆ ಅದರ ಆಯಸ್ಸು ಕಮ್ಮಿಯಾಗುತ್ತದೆ. ಡಬ್ಬಿ ಮುಟ್ಟಿದಾಗ ಜುಮ್ಮೆನ್ನುತ್ತದೆಯಾ ನೋಡಿ. ಹಾಗಾದರೆ ಅರ್ಥಿಂಗ್ ಸರಿಯಿಲ್ಲ, ಹೊಸ ಡಿಸ್ಕ್ ಹಾಕುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ.

ಹೊಳೆದಂಡೆ:
ಜುಮ್ ಅನ್ನುತ್ತದೆ ಮಾಸ್ತರೇ, ಯಾವಾಗಲೂ ಹಾಗೇ ಅಂದುಕೊಂಡಿದ್ದೆವು. ನಾಳೆಯೇ ಕರೆಸುತ್ತೇವೆ. ಕಾಪಿ ಬಹುತೇಕ ಆಯಿತು, ಕೆಲವು ಹಳೇ ಫೋಟೋ ಮಾತ್ರ ಬರಲಿಲ್ಲ, ನುಡಿ ಫೈಲುಗಳೆಲ್ಲ ಸಿಕ್ಕಿವೆ. ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ. ಈಗ ಹಾರ್ಡ್ ಡಿಸ್ಕ್ ಬದಲು ಹಾಕಲು ಎಸ್‌ಎಸ್‌ಡಿ (ಚಿಪ್‌ನಲ್ಲಿ ಫೈಲ್ ಇಡುವ ಡಿಸ್ಕ್) ಯಾವುದು ತಗೊಳ್ಳಲಿ? ಹಳೇ ಡಿಸ್ಕ್ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದಾ?

ಸ್ಕ್ರೂಡ್ರೈವರ್:
2.5 ಇಂಚಿನ ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಕೇಬಲ್ಲಿನ ಬಗೆ) ಎಸ್‌ಎಸ್‌ಡಿ ಕೇಳಿ. ಉದ್ದನೆಯ ಚೂಯಿಂಗ್ ಗಮ್ ಪಟ್ಟಿಯಂತೆ ಇರುವ ಎಂ.2 ನಿಮ್ಮ ಕಾಲದ ಬೋರ್ಡುಗಳಲ್ಲಿ ಕೂರೋದು ಅಪರೂಪ. 240 ಅಥವಾ 256 ಜಿಬಿ ವಿಂಡೋಸ್‌ಗೂ ನಿಮ್ಮ ಕೆಲಸಕ್ಕೂ ಸಾಕು. ಸಾಟಾ ಕೇಬಲ್ಲೂ ಹೊಸದು ಹಾಕಿ. ಎಚ್81 ಮಾದರಿಯ ಬೋರ್ಡ್ ಆಗಿದ್ದರೆ ನಾಲ್ಕು ಸಾಟಾ ಪೋರ್ಟಿನಲ್ಲಿ ಎರಡು ಮಾತ್ರ ಸೆಕೆಂಡಿಗೆ 6 ಗಿಗಾಬಿಟ್ ವೇಗದವು, ಬೋರ್ಡ್ ಮೇಲೆ ಬರೆದಿರುತ್ತದೆ, ಅದಕ್ಕೇ ಚುಚ್ಚಿ.

ವಿಂಡೋಸ್ 10ರ ಉಚಿತ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಅವಧಿಗೆ ಹೆಸರು ಹಚ್ಚಿದವರಿಗೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. 4ನೇ ಜನರೇಶನ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, 8ರಿಂದ ಮೇಲೆ ಬೇಕು. ಲಿನಕ್ಸ್ ಮಿಂಟ್ ಆದರೂ ಹಾಕಬಹುದು, ಅದರಲ್ಲಿ ನುಡಿಯಲ್ಲಿರುವ ಕೆಜಿಪಿ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ, ಬೆರಳಿನ ಅಭ್ಯಾಸ ತಪ್ಪೋದಿಲ್ಲ. ಒಂದು ಮಾತ್ರ ನೆನಪಿರಲಿ: ನುಡಿಯ ಹಳೇ ಫಾಂಟ್‌ಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಅವನ್ನೂ ಕಾಪಿ ಮಾಡಿಟ್ಟುಕೊಳ್ಳದಿದ್ದರೆ ಫೈಲ್ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮುಖ್ಯವಾದವನ್ನು ಬಿಡುವಿದ್ದಾಗ ಯುನಿಕೋಡ್‌ಗೆ ಬದಲಿಸಿಕೊಳ್ಳಿ.

ಹಳೇ ಡಿಸ್ಕ್ ಬ್ಯಾಕಪ್‌ಗೆ ಖಂಡಿತ ಬೇಡ. ಕೆಟ್ಟ ಸೆಕ್ಟರ್ ಇನ್ನೂ ಹೆಚ್ಚುತ್ತಲೇ ಹೋಗುತ್ತವೆ. ಬಾರದೆ ಉಳಿದ ಫೋಟೋಗಳು ಬೇಕೇ ಬೇಕು ಅನ್ನಿಸಿದರೆ ಡಿಡಿರೆಸ್ಕ್ಯೂ ಪ್ರಯತ್ನ ಆಗುವವರೆಗೆ ಕೇಬಲ್ ಕಳಚಿ ಒಣಗಿದ ಜಾಗದಲ್ಲಿ ಇಡಿ. ಬೇಡ ಅಂದರೆ ಗುಜರಿಗೆ ಕೊಡುವ ಮೊದಲು ಅದರಲ್ಲಿರುವ ಜನರ ಅರ್ಜಿ, ಆಧಾರ್ ಪ್ರತಿಗಳನ್ನು ನೆನಪಿಸಿಕೊಳ್ಳಿ, ಒಳಗಿನ ತಟ್ಟೆಗೆ ತೂತು ಹೊಡೆಸಿಯೇ ಕೊಡಿ.