ಸಹಾಯ ಬೇಕು: ಪೋರ್ಟ್ ಜಾಸ್ತಿ ಇರುವ ಲ್ಯಾಪ್‌ಟಾಪಾ, ವೇಗ ಜಾಸ್ತಿ ಇರುವುದಾ?

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ಮದುವೆ ಫೋಟೊ ತೆಗೆಯುತ್ತೇನೆ, ಆಲ್ಬಮ್ ಡಿಸೈನೂ ನನ್ನದೇ. ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿದೆ. ಬಜೆಟ್ 65,000 ರೂಪಾಯಿ, ಎಳೆದಾಡಿದರೆ 70,000.

ಎರಡು ನೋಡಿಟ್ಟಿದ್ದೇನೆ. ಒಂದರಲ್ಲಿ ರೈಜೆನ್ 7 ಪ್ರೊಸೆಸರ್, 16 ಜಿಬಿ ರ‍್ಯಾಮ್. ಆದರೆ ಎರಡು ಟೈಪ್-ಸಿ, ಒಂದು ಮಾಮೂಲಿ ಯುಎಸ್‌ಬಿ, ಅಷ್ಟೇ. ಇನ್ನೊಂದು ಐ5, 8 ಜಿಬಿ. ಅದರಲ್ಲಿ ಕ್ಯಾಮೆರಾ ಕಾರ್ಡ್ ಹಾಕುವ ಸ್ಲಾಟ್, ಎಚ್‌ಡಿಎಂಐ, ಲ್ಯಾನ್ ಎಲ್ಲಾ ಇವೆ. ಒಂದು ರ‍್ಯಾಮ್ ಸ್ಲಾಟೂ ಖಾಲಿ ಇದೆಯಂತೆ.

'ಪೋರ್ಟ್ ಕಡಿಮೆಯಾದರೆ ಒಂದು ಹಬ್ (ಒಂದೇ ಪೋರ್ಟಿಗೆ ಸಿಕ್ಕಿಸಿ ಹಲವು ಪೋರ್ಟ್ ಪಡೆಯುವ ಡಬ್ಬಿ) ತಗೋ, ಮುಗೀತು' ಅಂತಾರೆ ಗೆಳೆಯರು. ಹಬ್ಬಿನ ಕಥೆ ನನಗೆ ಗೊತ್ತು ಮಾರಾಯ್ರೆ! ಹೋದ ವರ್ಷ ಧಾರೆಯ ಫೋಟೊ ಕಾಪಿ ಆಗುತ್ತಿದ್ದಾಗ ಬಿಸಿಯಾಗಿ ಅರ್ಧಕ್ಕೇ ಸಂಪರ್ಕ ಕಡಿದುಕೊಂಡಿತು. ಕಾರ್ಡ್ ಅಳಿಸಿರಲಿಲ್ಲ, ಬಚಾವಾದೆ.

ಆದರೆ ಲ್ಯಾಪ್‌ಟಾಪಿನ ಸ್ಲಾಟನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಕೆಲವು ಯುಎಸ್‌ಬಿ 2.0 ಅನ್ನುವ ಹಳೇ, ನಿಧಾನದ ವೇಗದವು. ತುಂಬಿದ 64 ಜಿಬಿ ಕಾರ್ಡಿಗೆ ಅರ್ಧ ಗಂಟೆ ಹೋಗುತ್ತದೆ. ಅಂಗಡಿಯಲ್ಲೇ ಇದನ್ನು ಪರೀಕ್ಷಿಸುವುದು ಹೇಗೆ? ನನ್ನದೇ ಕಾರ್ಡ್ ಒಯ್ದು ಕಾಪಿ ಮಾಡಿ ನೋಡಿದರೆ ಸಾಕಾ?

ಇನ್ನೊಂದು, ಐ5ಗೆ ಇನ್ನೂ 8 ಜಿಬಿ ಸೇರಿಸಿದರೆ ಫೋಟೊ ಎಡಿಟ್ ಮಾಡುವ ಲೈಟ್‌ರೂಮ್‌ನಲ್ಲಿ 2,000 ರಾ ಫೋಟೊ (ಕ್ಯಾಮೆರಾದ ಮೂಲ ದೊಡ್ಡ ಫೈಲ್) ಎಳೆಯುತ್ತದಾ? ಬಳಸಿದವರು ದಯವಿಟ್ಟು ಹೇಳಿ. ಶನಿವಾರ ಶಿವಮೊಗ್ಗಕ್ಕೆ ಹೋಗಿ ತರಬೇಕು.