ವಾಲ್ವ್ ರೇಡಿಯೋ ಡಯಲ್ ಗಾಜು: ಹೊಸದು ಪ್ರಿಂಟ್ ಮಾಡಿಸಲಾ, ಹಾಗೇ ಬಿಡಲಾ?

ಡಯಲ್_ಪ್ರೇಮಿ
ನಾನು ಮೊಬೈಲ್ ಆ್ಯಪ್‌ಗಳ ಸ್ಕ್ರೀನ್ ಡಿಸೈನ್ ಮಾಡುತ್ತೇನೆ, ಬಿಡುವಾದಾಗ ಹಳೇ ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಚಿ ಸರಿ ಮಾಡುವುದು ನನಗೆ ತುಂಬಾ ಇಷ್ಟ. ಈಗ ಸೋದರಮಾವನ ಮನೆಯಿಂದ ಒಂದು ಫಿಲಿಪ್ಸ್ ವಾಲ್ವ್ ಸೆಟ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಹಳೇ ರೇಡಿಯೋ) ಬಂದಿದೆ. ಡಯಲ್ ಗಾಜು ನೋಡಿ ಖುಷಿಯಾಯಿತು. ಅಂಗೈಯಗಲ ಜಾಗದಲ್ಲಿ ಮೂರು ಬ್ಯಾಂಡ್, ಊರುಗಳ ಹೆಸರು, ತರಂಗಾಂತರದ ಮೀಟರ್ ಅಂಕಿ ಎಲ್ಲಾ ಕೂರಿಸಿದ್ದಾರೆ, ಆದರೂ ಎಲ್ಲೂ ಗಿಜಿಗಿಜಿ ಅನ್ನಿಸುವುದಿಲ್ಲ. ಆದರೆ ಎಡಗಡೆ ಅಕ್ಷರಗಳು ಹಕ್ಕಳೆ ಏಳುತ್ತಿವೆ. ಕಂಪ್ಯೂಟರಿನಲ್ಲಿ ಮತ್ತೆ ಬರೆದು ಹೊಸ ಗಾಜು ಮಾಡಿಸಲಾ? ಇನ್ನೂ ಆನ್ ಮಾಡಿಲ್ಲ, ನೇರ ಪ್ಲಗ್ ಹಾಕಬಹುದಾ?

ಹಳೇ_ವಾಲ್ವ್
ದಯವಿಟ್ಟು ಹಾಕಬೇಡಿ. ಮೊದಲು ವಾಲ್ವ್ ಮೇಲಿನ ನಂಬರ್ ಓದಿ. ಇಸಿಎಚ್ 81, ಇಎಲ್ 84 ಹೀಗೆ 'ಇ' ಇಂದ ಶುರುವಾದರೆ ಸಾಮಾನ್ಯವಾಗಿ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಯುಸಿಎಚ್, ಯುಎಲ್ ಅಂತಿದ್ದರೆ ಮನೆಯ ಕರೆಂಟೇ ನೇರ ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) ಬಂದಿರಬಹುದು, ಮುಟ್ಟಿದರೆ ಜೀವಕ್ಕೇ ಅಪಾಯ. ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಡುವ ಕೆಪಾಸಿಟರಿನಲ್ಲಿ 250 ವೋಲ್ಟ್ ಹತ್ತಿರ ಉಳಿದಿರಬಹುದು, ಕೈ ಹಾಕುವ ಮುಂಚೆ ರೆಸಿಸ್ಟರ್ ಮೂಲಕ ಇಳಿಸಿ, ಮಲ್ಟಿಮೀಟರಿನಲ್ಲಿ ನೋಡಿ.
ಆಮೇಲೆ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ಸ್ಪೀಕರ್ ನಡೆಸುವ ವಾಲ್ವ್‌ಗೆ ಸಿಗ್ನಲ್ ಒಳಬರುವ ಜಾಗಕ್ಕೆ) ಹೋಗುವ ಮೇಣದ ಪೇಪರ್ ಕೆಪಾಸಿಟರ್. ಅದನ್ನು ಯೋಚಿಸದೆ ಬದಲಾಯಿಸಿ, 630 ವೋಲ್ಟಿನ ಪಾಲಿಯೆಸ್ಟರ್ ಸಾಕು. ಅದು ಲೀಕ್ ಆದರೆ ಗ್ರಿಡ್ ಪಾಸಿಟಿವ್ ಆಗಿ ವಾಲ್ವ್ ಒಳಗಿನ ಪ್ಲೇಟ್ ಕೆಂಪಗೆ ಕಾಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗುತ್ತದೆ. ಮೊದಲ ಸಲ ಆನ್ ಮಾಡುವಾಗ ಕರೆಂಟ್ ತಂತಿಗೆ ಸೀರೀಸಿನಲ್ಲಿ ಹಳೇ ಕಾಲದ 60 ವ್ಯಾಟ್ ಬಲ್ಬ್ ಇರಲಿ, ಎಲ್‌ಇಡಿ ಬೇಡ. ಬಲ್ಬ್ ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ.

ಮೀಡಿಯಂವೇವ್
ಗಾಜಿನ ವಿಷಯಕ್ಕೆ ಬರುತ್ತೇನೆ. ಹಿಂದಿನ ಮುಖ ಒರೆಸಲೇಬೇಡಿ! ಬಣ್ಣ ಇರುವುದು ಅಲ್ಲೇ, ಸ್ಪಿರಿಟ್ ಇರಲಿ, ಒದ್ದೆ ಬಟ್ಟೆಗೂ ಅಕ್ಷರ ಎದ್ದು ಬರುತ್ತದೆ. ಧೂಳನ್ನು ಮೆತ್ತನೆ ಬ್ರಷ್‌ನಿಂದ ತೆಗೆದು, ಅಕ್ಷರಕ್ಕೆ ಏನೂ ತಾಗದ ಹಾಗೆ ಸ್ಕ್ಯಾನ್ ಮಾಡಿ.
ಮತ್ತೆ ಬರೆಯುವಾಗ ಗೆರೆಗಳ ಅಂತರವನ್ನು ಮಾತ್ರ ಸಮ ಮಾಡಬೇಡಿ. ಡಿಸೈನರ್ ಕಣ್ಣಿಗೆ ಅದು ವಕ್ರ ಅನ್ನಿಸುತ್ತದೆ, ಗೊತ್ತು. ಆದರೆ ಒಳಗಿನ ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹುಡುಕುವಾಗ ತಿರುಗುವ ಭಾಗ) ಪ್ಲೇಟಿನ ಆಕಾರದಿಂದ ಬಂದ ಅಂತರ ಅದು. ಒಂದು ಮಿಲಿಮೀಟರ್ ಸರಿಸಿದರೂ ಸ್ಟೇಷನ್ ಒಂದು ಕಡೆ, ಮುಳ್ಳು ಒಂದು ಕಡೆ. ನನ್ನ ಕೇಳಿದರೆ ಮೂಲ ಗಾಜು ಹಾಗೇ ಇರಲಿ. ಹೋದ ಅಕ್ಷರಗಳನ್ನಷ್ಟೇ ಪಾರದರ್ಶಕ ಫಿಲ್ಮಿನ ಮೇಲೆ ಪ್ರಿಂಟ್ ಮಾಡಿ ಹಿಂದೆ ಇಡಿ, ಬೇಡವಾದರೆ ನಾಳೆ ತೆಗೆಯಬಹುದು.

ಡಯಲ್_ಪ್ರೇಮಿ
ತುಂಬಾ ಥ್ಯಾಂಕ್ಸ್. ವಾಲ್ವ್ 'ಇ' ಸರಣಿಯವೇ, ಎರಡರ ಮೇಲೆ ನಮ್ಮ ಜಾಲಹಳ್ಳಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಗುರುತಿದೆ! ಫಿಲ್ಮನ್ನೇ ಮಾಡುತ್ತೇನೆ. ಸರಿಯಾಗಿ ಕೂತಿದೆಯಾ ಅಂತ ನೋಡುವುದು ಹೇಗೆ?

ಹಳೇ_ವಾಲ್ವ್
ಬಿಇಎಲ್ 1961ರಿಂದ ವಾಲ್ವ್ ಮಾಡುತ್ತಿತ್ತು, ಜೋಪಾನ ಮಾಡಿ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ಧಾರವಾಡ 765. ಮೀಟರ್ ಲೆಕ್ಕದಲ್ಲಿ 490 ಮತ್ತು 392. ಎರಡೂ ಮುಳ್ಳಿಗೆ ಸರಿಹೊಂದಿದರೆ ಡಯಲಿನ ಕಡಿಮೆ ಕಿಲೋಹರ್ಟ್ಸ್ ಇರುವ ಕಡೆ ಸರಿಯಿದೆ. ಧಾರವಾಡ ರಾತ್ರಿ ಹೊತ್ತು ಹುಡುಕಿ, ಮೊಬೈಲ್ ಚಾರ್ಜರ್ ಕಿತ್ತಿಡಿ, ಇಲ್ಲದಿದ್ದರೆ ಬರೀ ಗೊರಗೊರ ಕೇಳುತ್ತದೆ.