ಐಸ್ ಬಾಕ್ಸ್ ತಗೊಳ್ಳೋ ಮುಂಚೆ ಇದನ್ನ ಕೇಳು ಪುಟ್ಟಾ

ಪುಟ್ಟಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೈಯಲ್ಲಿರೋ ಕೆಲಸ ಮುಗಿಸಿಕೊಂಡು ಕೇಳು.

ನೀವು ಐದು ಜನ ಹುಡುಗರು ಶ್ರೀನಿವಾಸಪುರದ ಹತ್ತಿರ ಸ್ನೇಹಿತನ ಮಾವಿನ ತೋಪಿನಲ್ಲಿ ಟೆಂಟ್ ಹಾಕಿಕೊಂಡು ಎರಡು ರಾತ್ರಿ ಇರುತ್ತೀರಿ. ಐಸ್ ಬಾಕ್ಸ್ ಬೇಕು, ಜಾಸ್ತಿ ದುಡ್ಡು ಹಾಕೋಕಾಗಲ್ಲ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯ. ನಿಮ್ಮ ಚಿಕ್ಕಪ್ಪ 12,000 ರೂಪಾಯಿದು ಲಿಂಕ್ ಹಾಕಿ, ಇದರಲ್ಲಿ ಐದು ದಿನ ಐಸ್ ಇರುತ್ತದಂತೆ ಅಂದಿದ್ದಾರೆ. ನಿಮ್ಮ ಅತ್ತಿಗೆ ಥರ್ಮಾಕೋಲ್ ಡಬ್ಬ ಸಾಕು ಬಿಡು ಅಂದಿದ್ದಾಳೆ. ನನ್ನ ಕೇಳಿದರೆ ಇಬ್ಬರ ಮಾತೂ ಅರ್ಧರ್ಧ ಸರಿ.

ನಾನು ಗುಡಿಬಂಡೆ, ಬಾಗೇಪಲ್ಲಿ ಕಡೆ ಎ.ಎನ್.ಎಂ., ಅಂದರೆ ಹಳ್ಳಿಗಳ ನರ್ಸ್ ಆಗಿದ್ದವಳು. ಸರ್ವಿಸ್ ಪೂರ್ತಿ ಹೆಗಲಿಗೆ ವ್ಯಾಕ್ಸಿನ್ ಕ್ಯಾರಿಯರ್ ನೇತುಹಾಕಿಕೊಂಡು ಹಳ್ಳಿ ಸುತ್ತಿದ್ದೇನೆ. ಪೋಲಿಯೊ ಭಾನುವಾರ ಬೂತಿನಲ್ಲಿ ಮೇಜಿನ ಮೇಲೆ ಒಂದು ನೀಲಿ ಡಬ್ಬ ಇರುತ್ತದೆ ನೋಡು, ಅದೇ. ಒಳಗೆ ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆ, ಅಷ್ಟೇ. ಕರೆಂಟ್ ಇಲ್ಲ, ಮೋಟಾರ್ ಇಲ್ಲ. ಹೊರಗೆ ಪ್ಲಾಸ್ಟಿಕ್, ಒಳಗೆ ಪಫ್, ಅಂದರೆ ಪಾಲಿಯುರೆಥೇನ್ ಫೋಮ್. ಅಂಗಡಿಯಲ್ಲಿ ಸಿಗುವ ಸಾಧಾರಣ ಐಸ್ ಬಾಕ್ಸ್‌ನಲ್ಲೂ ಅದೇ ಪಫ್ ಇರುತ್ತದೆ. ಬೇಸಿಗೆಯಲ್ಲಿ ಅಷ್ಟು ಚಿಕ್ಕ ಡಬ್ಬ ಇಡೀ ದಿನ ತಣ್ಣಗಿರುತ್ತಿತ್ತು ಅಂದರೆ ಅದು ಡಬ್ಬದ ಬೆಲೆಯಿಂದಲ್ಲ. ಐಸ್ ಪ್ಯಾಕ್ ಸರಿಯಾಗಿ ಗಟ್ಟಿಯಾಗಿರುತ್ತಿತ್ತು, ಮುಚ್ಚಳ ಸುಮ್ಮಸುಮ್ನೆ ತೆಗೆಯುತ್ತಿರಲಿಲ್ಲ, ಅದಕ್ಕೆ.

ಕಂಬಳಿ ತಾನೇ ಬಿಸಿ ಕೊಡುವುದಿಲ್ಲ, ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ ಅಷ್ಟೇ ಅಲ್ವಾ? ಬಾಕ್ಸ್ ಕೆಲಸವೂ ಅಷ್ಟೇ. ತಂಪು ಕೊಡುವುದು ಐಸ್. ಚಿಕ್ಕಪ್ಪ ಹೇಳಿದ ಐದು ದಿನದ ಲೆಕ್ಕ ಬಾಕ್ಸ್ ತುಂಬ ಐಸ್ ಹಾಕಿ, ಮುಚ್ಚಳ ತೆಗೆಯದೆ ಇಟ್ಟಾಗಿನ ಲೆಕ್ಕ. ನೀವು ಐದು ಜನ ಹುಡುಗರು, ಹತ್ತು ನಿಮಿಷಕ್ಕೊಮ್ಮೆ ಒಬ್ಬ ಮುಚ್ಚಳ ಎತ್ತುತ್ತೀರಿ. ಆ ಲೆಕ್ಕ ಎಲ್ಲಿ ನಡೆಯುತ್ತದೆ? ವಾರಗಟ್ಟಲೆ ಕಾಡಿನಲ್ಲಿ ಇರುವವರು ಬೇಕಾದರೆ ಆ ದೊಡ್ಡ ಬಾಕ್ಸ್ ತಗೊಳ್ಳಲಿ. ಎರಡು ರಾತ್ರಿಗೆ ಬೇಡ.

ಇನ್ನು ಥರ್ಮಾಕೋಲ್. ಕೆಟ್ಟದ್ದೇನಲ್ಲ. ಆದರೆ ಒಂದೇ ದಪ್ಪದಲ್ಲಿ ಪಫ್ ಇದ್ದರೆ ಸುಮಾರು ಒಂದೂವರೆ ಪಟ್ಟು ಚೆನ್ನಾಗಿ ಬಿಸಿ ತಡೆಯುತ್ತದೆ. ಥರ್ಮಾಕೋಲ್ ಅಂಚು ಪುಡಿಪುಡಿ ಆಗುತ್ತದೆ, ಮುಚ್ಚಳ ಒಮ್ಮೆ ಮುರಿದರೆ ಮುಗೀತು. ಅದಕ್ಕೆ ನನ್ನ ಸಲಹೆ ಏನಂದರೆ, ಎರಡು ಡಬ್ಬ ಇಟ್ಟುಕೋ. 25ರಿಂದ 30 ಲೀಟರ್‌ನ ಒಂದು ಪಫ್ ಬಾಕ್ಸ್ ಕೊಂಡುಕೋ, ಅದು ಊಟದ ಸಾಮಾನಿಗೆ. ಕುಡಿಯೋದಕ್ಕೆ ಥರ್ಮಾಕೋಲ್ ಡಬ್ಬ. ಮೆಡಿಕಲ್ ಸ್ಟೋರ್‌ಗೆ ಇಂಜೆಕ್ಷನ್ ಬರುವ ಡಬ್ಬ ಇರುತ್ತದೆ, ಪರಿಚಯದವರನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಮೀನಿನಂಗಡಿಯದು ಮಾತ್ರ ತರಬೇಡ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಪದೇ ಪದೇ ತೆಗೆಯುವುದು ಕುಡಿಯುವ ಡಬ್ಬವನ್ನೇ. ಅದರ ಐಸ್ ಬೇಗ ಕರಗಿದರೂ ಊಟದ್ದು ಉಳಿಯುತ್ತದೆ. ಕುಡಿಯುವ ಡಬ್ಬದಲ್ಲಿ ಏನಿಡುತ್ತೀರಿ ಅಂತ ನಾನು ಕೇಳುವುದಿಲ್ಲ.

ಒಂದು ನಿಮಿಷ, ಕುಕ್ಕರ್ ಕೂಗುತ್ತಿದೆ.

ಹಾಂ, ಬಂದೆ. ಅಂಗಡಿಗೆ ಹೋದಾಗ ಹೆಸರು ನೋಡಬೇಡ, ಮುಚ್ಚಳ ನೋಡು. ಎಷ್ಟೋ ಬಾಕ್ಸ್‌ಗಳಲ್ಲಿ ಗೋಡೆಗೆ ಫೋಮ್ ತುಂಬಿರುತ್ತಾರೆ, ಮುಚ್ಚಳದೊಳಗೆ ಬರೀ ಗಾಳಿ. ಬೆರಳಿನಿಂದ ತಟ್ಟಿ ನೋಡು. ಟೊಳ್ಳು ಟೊಳ್ಳಾಗಿ ಡಬಡಬ ಅಂದರೆ ಬೇಡ, ಮಂದವಾಗಿ ಶಬ್ದ ಬಂದರೆ ಒಳಗೆ ಫೋಮ್ ಇದೆ ಅಂತ. ಆಮೇಲೆ ಒಂದು ಹಾಳೆ ಚೂರನ್ನು ಅಂಚಿಗೆ ಇಟ್ಟು ಮುಚ್ಚಳ ಹಾಕಿ ಎಳೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ. ನಾಲ್ಕೂ ಕಡೆ ಎಳೆದು ನೋಡು, ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಗೋಡೆ ಎರಡೂವರೆ ಮೂರು ಸೆಂಟಿಮೀಟರ್ ದಪ್ಪ ಇದ್ದರೆ ಸಾಕು. ಬಣ್ಣ ತಿಳಿಯಾಗಿದ್ದರೆ ಬಿಸಿಲಿಗೆ ಒಳ್ಳೆಯದು. ಚಕ್ರಕ್ಕೆ ದುಡ್ಡು ಕೊಡಬೇಡ, ಉತ್ತ ತೋಪಿನ ಮಣ್ಣಿನಲ್ಲಿ ಅದು ಉರುಳುವುದಿಲ್ಲ. ಹಿಡಿಕೆ ಮಾತ್ರ ಗಟ್ಟಿಯಾಗಿರಬೇಕು, ತುಂಬಿದ ಮೇಲೆ 20 ಕಿಲೋ ಮೇಲೆ ತೂಗುತ್ತದೆ. ಮುಂದೆ ಬೇಕಾಗುತ್ತದೆ ಅಂತ 50 ಲೀಟರ್‌ದು ತರಬೇಡ. ಅರ್ಧ ಖಾಲಿ ಇರುವ ದೊಡ್ಡ ಬಾಕ್ಸ್‌ನಲ್ಲಿ ಐಸ್ ಬೇಗ ಕರಗುತ್ತದೆ.

ಈಗ ಐಸ್ ವಿಷಯ. ಒಂದು ಕಿಲೋ ಐಸ್ ಕರಗುವಾಗ ಎಷ್ಟು ಬಿಸಿ ಎಳೆದುಕೊಳ್ಳುತ್ತದೆ ಗೊತ್ತಾ? ಒಂದು ಲೀಟರ್ ನೀರನ್ನು 80 ಡಿಗ್ರಿ ಇಳಿಸುವಷ್ಟು. ನೀನು 35 ಡಿಗ್ರಿ ಬಿಸಿಲಿನಲ್ಲಿದ್ದ ಒಂದು ಲೀಟರ್ ಬಾಟಲಿ ತಂದು ಒಳಗಿಟ್ಟರೆ, ಅದನ್ನು 5 ಡಿಗ್ರಿಗೆ ತರೋಕೇ ಹತ್ತಿರ ಹತ್ತಿರ 400 ಗ್ರಾಂ ಐಸ್ ಹೋಗುತ್ತದೆ. ಅಂಥ ಹತ್ತು ಬಾಟಲಿ ಇಟ್ಟರೆ ನಾಲ್ಕು ಕಿಲೋ ಐಸ್ ಅಲ್ಲೇ ಖಲಾಸ್. ಬಾಕ್ಸ್ ಸರಿಯಿಲ್ಲ ಅಂತ ಜನ ಬೈಯುವುದು ಬಹಳ ಸಲ ಇದಕ್ಕೇ. ಹಾಗಾಗಿ ಒಳಗೆ ಹೋಗುವುದೆಲ್ಲ ಹಿಂದಿನ ದಿನವೇ ಫ್ರಿಜ್‌ನಲ್ಲಿ ತಣ್ಣಗಾಗಿರಬೇಕು. ಬಾಕ್ಸ್‌ಗೂ ಹಾಗೇ. ಹೊರಡುವ ಹಿಂದಿನ ರಾತ್ರಿ ಎರಡು ಐಸ್ ಬಾಟಲಿ ಒಳಗಿಟ್ಟು ಮುಚ್ಚಿಡು, ಬೆಳಿಗ್ಗೆ ಅವನ್ನು ತೆಗೆದು ಹೊಸದು ತುಂಬು.

ಪುಡಿ ಐಸ್ ಕೊಳ್ಳಬೇಡ, ಚೂರು ಚಿಕ್ಕದಾದಷ್ಟೂ ಬೇಗ ಕರಗುತ್ತದೆ. ಒಂದು ಲೀಟರ್ ಬಾಟಲಿಗಳಲ್ಲೇ ನೀರು ಹೆಪ್ಪುಗಟ್ಟಿಸು. ಕತ್ತಿನವರೆಗೆ ತುಂಬಬೇಡ, ಐಸ್ ಆದಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ, ಬಾಟಲಿ ಸೀಳುತ್ತದೆ. ನಮ್ಮ ಐಸ್ ಪ್ಯಾಕ್ ಮೇಲೂ ಗೆರೆ ಇರುತ್ತಿತ್ತು, ಅಷ್ಟಕ್ಕೇ ನೀರು. ಯಾರೋ ವಿಡಿಯೋದಲ್ಲಿ ಹೇಳಿದರು ಅಂತ ಉಪ್ಪು ಹಾಕಬೇಡ. ಉಪ್ಪುನೀರು ಹೆಪ್ಪುಗಟ್ಟೋಕೆ ಇನ್ನೂ ಜಾಸ್ತಿ ತಣ್ಣಗಾಗಬೇಕು, ಮನೆ ಫ್ರೀಜರ್‌ನಲ್ಲಿ ನೆಟ್ಟಗೆ ಗಟ್ಟಿಯಾಗುವುದಿಲ್ಲ. ಬಾಟಲಿ ಐಸ್‌ನಿಂದ ಇನ್ನೊಂದು ಅನುಕೂಲ, ಸಾಮಾನು ನೆನೆಯುವುದಿಲ್ಲ, ಕರಗಿದ ಮೇಲೆ ನೀರು ಕುಡಿಯಬಹುದು. ಐಸ್ ಫ್ಯಾಕ್ಟರಿ ಗಡ್ಡೆ ತಂದರೆ ಅದು ಕುಡಿಯುವ ಡಬ್ಬದ ಬಾಟಲಿಗಳ ಸುತ್ತ ಹಾಕೋಕೆ ಮಾತ್ರ, ಲೋಟದೊಳಗೆ ಬೇಡ. ಆ ಡಬ್ಬದಲ್ಲಿ ಕರಗಿದ ನೀರನ್ನು ಚೆಲ್ಲಬೇಡ, ಐಸ್ ಇರುವವರೆಗೂ ಆ ನೀರೂ ಬಾಟಲಿಗಳನ್ನು ತಣ್ಣಗಿಡುತ್ತದೆ.

ಚಿಕನ್ ಒಯ್ಯುವುದಾದರೆ ಮಸಾಲೆ ಹಚ್ಚಿ, ಗಟ್ಟಿ ಡಬ್ಬಿಯಲ್ಲಿ ಹಾಕಿ, ಕಲ್ಲಿನಂತೆ ಫ್ರೀಜ್ ಮಾಡಿ ತಳದಲ್ಲಿಡು. ಅದೂ ಐಸ್ ಕೆಲಸ ಮಾಡುತ್ತದೆ, ರಸ ಸೋರಿ ಮೊಸರಿಗೆ ತಾಗುವುದಿಲ್ಲ. ಮೊದಲ ರಾತ್ರಿಯೇ ಬೇಯಿಸಿಬಿಡಿ. ಎರಡನೇ ದಿನಕ್ಕೆ ಉಳಿಸಬೇಡಿ, ನಾನು ಆಸ್ಪತ್ರೆಯಲ್ಲಿ ಇದ್ದವಳು, ವಾಂತಿಭೇದಿ ಕೇಸ್ ಬಹಳ ನೋಡಿದ್ದೇನೆ. ಕಾಫಿಗೆ ಪ್ಯಾಕೆಟ್ ಹಾಲಿನ ಬದಲು ನಂದಿನಿ ಗುಡ್‌ಲೈಫ್ ತಗೊಂಡು ಹೋಗು, ಪ್ಯಾಕ್ ಕತ್ತರಿಸುವವರೆಗೂ ಅದಕ್ಕೆ ಫ್ರಿಜ್ ಬೇಡ. ಟೊಮೇಟೊ, ಈರುಳ್ಳಿ, ಮೊಟ್ಟೆ ಹೊರಗಿರಲಿ. ಕೋಲಾರ ಜಿಲ್ಲೆಗೆ ಹೋಗುತ್ತಾ ಟೊಮೇಟೊಗೆ ಐಸ್ ಬಾಕ್ಸ್‌ನಲ್ಲಿ ಜಾಗ ಕೊಟ್ಟರೆ ತೋಪಿನವರು ನಗುತ್ತಾರೆ.

ನಿನ್ನ ಸ್ನೇಹಿತ ಒಬ್ಬ ಇನ್ಸುಲಿನ್ ತಗೊಳ್ಳುತ್ತಾನೆ ಅಂದಿದ್ದೆ. ಇದು ಗಮನವಿಟ್ಟು ಕೇಳು. ಇನ್ಸುಲಿನ್ ಬಿಸಿಗೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ನಮ್ಮ ಕೆಲವು ಲಸಿಕೆಗಳೂ ಹಾಗೇ. ಅದಕ್ಕೆ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ತಕ್ಷಣ ಕ್ಯಾರಿಯರ್‌ಗೆ ಹಾಕುತ್ತಿರಲಿಲ್ಲ. ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದೆವು. ಮೊದಲು ಬಿಳಿ ಮಂಜು ಹೋಗಿ ಬೆವರು ಬರುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರು ಗುಳುಗುಳು ಅಂದ ಮೇಲೆಯೇ ಒಳಗೆ. ನೀನು ಅಷ್ಟೆಲ್ಲ ಮಾಡಬೇಡ. ಇನ್ಸುಲಿನ್‌ನ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ದಪ್ಪ ಟವೆಲ್ ಸುತ್ತಿ, ಎಲ್ಲದರ ಮೇಲೆ ಇಡು. ಐಸ್ ಬಾಟಲಿಗೆ ನೇರ ತಾಗದಿದ್ದರೆ ಆಯ್ತು.

ತೋಪಿನಲ್ಲಿ ಬಾಕ್ಸ್ ನೆರಳಲ್ಲಿ ಇಡು ಅಂತ ಎಲ್ಲರೂ ಹೇಳುತ್ತಾರೆ, ನೆರಳು ಜರುಗುತ್ತದೆ ಅನ್ನುವುದನ್ನು ಮರೆಯುತ್ತಾರೆ. ಮಧ್ಯಾಹ್ನ ಒಮ್ಮೆ ಎದ್ದು ನೋಡಿ. ಗೋಣಿಚೀಲ ನೆನೆಸಿ ಮೇಲೆ ಹೊದಿಸಿ. ಕಾರಿನಲ್ಲಿ ಬಿಟ್ಟು ಗಾಜು ಏರಿಸಿ ಹೋಗಬೇಡಿ.

ಇನ್ನೊಂದು, ನಿಮ್ಮ ಮನೆ ಫ್ರೀಜರ್ ಚಿಕ್ಕದು, ಹತ್ತು ಬಾಟಲಿ ಒಟ್ಟಿಗೆ ಇಟ್ಟರೆ ಒಂದು ರಾತ್ರಿಯಲ್ಲಿ ನಡು ಗಟ್ಟಿಯಾಗುವುದಿಲ್ಲ. ನೀವು ಹೊರಡೋದು ಶುಕ್ರವಾರ ತಾನೆ? ಮಂಗಳವಾರವೇ ಐದು ಬಾಟಲಿ ನಮ್ಮ ಮನೆಗೆ ತಂದುಕೊಡು, ನಮ್ಮ ಫ್ರೀಜರ್‌ನಲ್ಲಿ ಇಡುತ್ತೇನೆ. ಮೇಲೆ ನಿನ್ನ ಹೆಸರು ಬರೆದಿರು, ಇಲ್ಲಾಂದ್ರೆ ನಿಮ್ಮ ದೊಡ್ಡಪ್ಪ ಮಜ್ಜಿಗೆಗೆ ಒಡೆದು ಹಾಕಿಕೊಳ್ಳುತ್ತಾರೆ.